ಹೊಸ ಮಕ್ಕಳ ಕೂದಲು

ಅಲ್ ರೀಮ್ ಐಲ್ಯಾಂಡ್, ಅಬುಧಾಬಿ
ಮೇ 2015

ಊರಿಗೆಲ್ಲ ಸಿಸ್ಟರ್ ಆದರೂ ನನಗೆ ತಂಗಿಯೇ ಆದ ಬೆನೆಡಿಕ್ಟಾಳಿಗೆ,

ನಾವೆಲ್ಲ ಸೌಖ್ಯ. ನಿನ್ನೆ ಮೊಮ್ಮಗಳು ಆನ್ ಮರಿಯಾಳ ಕೂದಲು ಕತ್ತರಿಸುತ್ತಿದ್ದೆ. ಪಕ್ಕದ ಫ್ಲ್ಯಾಟಿನ ಆಗ್ನೆಸ್ ಬಾಯಿ ಅದನ್ನು ಕಂಡು ಬಾಗಿಲಲ್ಲೇ ನಿಂತು ಅತ್ತುಬಿಟ್ಟರು. ನನ್ನದೇ ಪ್ರಾಯ, ಕೆನಡಾದ ಮೂಲನಿವಾಸಿ ಹೆಂಗಸು. ಅವರ ಇಂಗ್ಲಿಷನ್ನು ಸೊಸೆ ಡೆಬೊರಾ ನನಗೆ ಬಿಡಿಸಿ ಹೇಳಿದಳು.

"ಆರು ವರ್ಷದವಳಾಗಿದ್ದ ನನ್ನನ್ನು ಸರಕಾರದವರು ಮನೆಯಿಂದ ಎತ್ತಿ ಸಿಸ್ಟರುಗಳ ಬೋರ್ಡಿಂಗ್ ಶಾಲೆಗೆ ಒಯ್ದರು. ಮೊದಲ ದಿನವೇ ಜಡೆ ಕತ್ತರಿಸಿದರು. ನಮ್ಮಲ್ಲಿ ಮನೆಯವರು ಸತ್ತರೆ ಮಾತ್ರ ಕೂದಲು ಕತ್ತರಿಸುವುದು. ಅಮ್ಮ ಸತ್ತಳೆಂದೇ ತಿಳಿದು ಚಳಿಗಾಲವಿಡೀ ಅತ್ತೆ. ಅಲ್ಲಿನ ಸಿಸ್ಟರಿಗೆ ಅದು ಬರೀ ಹೇನಿನ ವಿಷಯ."

ಬೆನೆಡಿಕ್ಟಾ, ಜೂನಿನಲ್ಲಿ ನಿನ್ನ ಹಾಸ್ಟೆಲಿಗೂ ಕಾಡಿನ ಆದಿವಾಸಿ ಹಾಡಿಗಳಿಂದ ಹೊಸ ಹುಡುಗಿಯರು ಬರುತ್ತಾರೆ. ಹೇನೆಂದು ನೀನೂ ಮೊದಲ ದಿನವೇ ಕತ್ತರಿ ಹಿಡಿಯುತ್ತೀ. ನಿನ್ನ ಮನಸ್ಸು ಒಳ್ಳೆಯದೆಂದು ನನಗೆ ಗೊತ್ತು, ಆ ಮಕ್ಕಳಿಗೆ ಗೊತ್ತಿರುವುದಿಲ್ಲವಲ್ಲ. ಈ ಸಲ ಬೇಡ ಮಾರಾಯ್ತಿ. ರಜೆಗೆ ಊರಿಗೆ ಬರುವ ಮಗ ಕಾನ್ರಾಡನ ಕೈಯಲ್ಲಿ ಹೇನಿನ ಬಾಚಣಿಗೆಗಳನ್ನು ಕಳಿಸುತ್ತಿದ್ದೇನೆ. ಸಂಜೆ ಒಬ್ಬೊಬ್ಬಳನ್ನೇ ಕೂರಿಸಿಕೊಂಡು, ಎಣ್ಣೆ ಹಚ್ಚಿ ಬಾಚು. ಬಾಚುತ್ತಾ ಅವಳ ಅಮ್ಮನ ಹೆಸರು ಕೇಳು.

ನಿನ್ನ ಅಕ್ಕ,
ಒಲಿಂಡಾ