ಹನ್ನೆರಡು ಗೋಡೆಗಳು

ಜುಲೈ 8, ಸೋಮವಾರ

ಬೆಳಿಗ್ಗೆ ನನ್ನ ಮುದ್ರಣದಂಗಡಿಗೆ ಮೂರು ಲಗ್ನಪತ್ರಿಕೆ, ಕಳೆದುಹೋದ ಎಮ್ಮೆಯದೊಂದು ಪಾಂಪ್ಲೆಟ್. ಎಮ್ಮೆಗೂ ಪ್ರಾಸ ಹಾಕಿದೆ, ಮಾಲೀಕ ಬೇಡವೆಂದ.

ಮಧ್ಯಾಹ್ನ ಒಂದು ಸೇವಾ ಸಂಸ್ಥೆಯ ಆರ್ಡರು — ದೇವದುರ್ಗ, ಮಾನ್ವಿ ಕಡೆ ಹನ್ನೆರಡು ಆಸ್ಪತ್ರೆ ಗೋಡೆ ಮೇಲೆ ಬರೆಸಬೇಕು. ಅವರು ಕೊಟ್ಟ ಸಾಲು: "ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಪತ್ತೆ ಮಾಡಿಸುವುದು ಅಪರಾಧ." ಇದು ಸಾಲಲ್ಲ, ನೋಟೀಸು. ಪತ್ತೆಗೆ ಪ್ರಾಸ ಹುಡುಕಿದೆ. ಅತ್ತೆ, ಕತ್ತೆ. ಎರಡೂ ಆಸ್ಪತ್ರೆ ಗೋಡೆಗೆ ಆಗುವುದಿಲ್ಲ. ಕೊನೆಗೆ ಬಂತು:

ಗರ್ಭ ತೆಗೆಸಿದರೆ ಪಾಪ, ಬೆನ್ನು ಬಿಡದು ಶಾಪ.

ಅರ್ಥ ತುಸು ಆಚೀಚೆ ಆಯಿತು. ಆದರೆ ಕಿವಿಗೆ... ಸಂಸ್ಥೆಯವರು ಫೋನಿನಲ್ಲೇ ಓಕೆ ಅಂದರು. ಶೇಖಮ್ಮ — ಆರು ವರ್ಷದಿಂದ ಅಂಗಡಿಯಲ್ಲಿ ಪತ್ರಿಕೆ ಮಡಚುವವಳು — "ಬಾಯಾಗ ಕುಂದರ್ತದ ನೋಡ್ರಿ ಸರ್" ಅಂದಳು.

ಸಂಜೆ ಶ್ರೀಲಕ್ಷ್ಮೀಗೂ ಓದಿ ಹೇಳಿದೆ. ಖಾಲಿ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ಹೆಂಡತಿ ಮೆಚ್ಚುವ ಪ್ರಾಸ ಇನ್ನೂ ಹುಟ್ಟಿಲ್ಲ.

ಜುಲೈ 21, ಭಾನುವಾರ

ಹನ್ನೆರಡೂ ಗೋಡೆ ಮುಗಿದವು. ನೀಲಿ ಅಕ್ಷರ.

ಗಡಿಗೆಪ್ಪ ಬಂದಿದ್ದ — ದೇವದುರ್ಗದ ಲೀಡರ್, ಅವನ ಬ್ಯಾನರೆಲ್ಲ ನಮ್ಮಲ್ಲೇ. ತಾಲೂಕಿನಲ್ಲಿ ಗರ್ಭಪಾತವೇ ನಿಲ್ಲಬೇಕಂತೆ. ಮೆರವಣಿಗೆ, ತಹಶೀಲ್ದಾರರಿಗೆ ಮನವಿ.

"ಆಚಾರ್ರೇ, ಆ ಗ್ವಾಡಿ ಮ್ಯಾಲಿನ ಸಾಲು ನನಗ ಕೊಡ್ರಿ."

"ನಿಮ್ಮ ಮಂದಿಗೆ ಬಸುರಿನ ವಿಷ್ಯ ಏನ್ ಗೊತ್ತದಪಾ?"

"ಗೊತ್ತಿರಬೇಕಂತ ಎಲ್ಲಿ ಅದರಿ? ಕೂಗಿದ್ರ ಸಾಕು."

ನಕ್ಕೆವು. ಫೈಲು ಕೊಟ್ಟೆ. ನೂರಾರು ಜನ ನನ್ನ ಸಾಲು ಕೂಗುತ್ತಾರೆ. ಹೆಮ್ಮೆ — ಹೌದು, ಹೆಮ್ಮೆಯೇ.

ಆಗಸ್ಟ್ 2

ಶೇಖಮ್ಮ ಎರಡು ದಿನ ರಜೆ ಕೇಳಿದಳು. "ಮಾನ್ವಿಗೆ, ತಂಗಿ ಮನಿಗ್ರಿ." ಮುಖ ಸಪ್ಪಗಿತ್ತು. ಯಾಕೆಂದು ಕೇಳಲಿಲ್ಲ.

ಆಗಸ್ಟ್ 9

ಎರಡು ದಿನ ಏಳಾಯಿತು. ಅವಳ ಫೋನು ಸ್ವಿಚ್ ಆಫ್. ಬೈದುಕೊಳ್ಳುತ್ತಲೇ ಪತ್ರಿಕೆ ಮಡಚಿದೆ. ಮಧ್ಯಾಹ್ನ ಅವಳ ತಂಗಿ ಸುಜಾತಾ ಫೋನು ಮಾಡಿದಳು. ಮಾನ್ವಿಯಲ್ಲಿ ವಕೀಲೆ. ಶೇಖಮ್ಮ ಇಲ್ಲೇ, ರಾಯಚೂರಿನಲ್ಲೇ ಅಡ್ಮಿಟ್.

ಹೋದೆ. ಶೇಖಮ್ಮನಿಗೆ ಮೂರು ಮಕ್ಕಳಿದ್ದಾರೆ, ಇದು ನಾಲ್ಕನೆಯದು, ಒಂಬತ್ತು ವಾರ. ಸಾಕೆಂದು ತೆಗೆಸಲು ಮಾನ್ವಿಯ ಆಸ್ಪತ್ರೆಗೆ ಹೋಗಿದ್ದಾಳೆ. ಅಲ್ಲಿದ್ದವರು ಗೋಡೆ ತೋರಿಸಿ ವಾಪಸು ಕಳಿಸಿದ್ದಾರೆ. ಎಲ್ಲಿಂದಲೋ ಮಾತ್ರೆ ತಂದು ನುಂಗಿದ್ದಾಳೆ. ರಕ್ತ ನಿಲ್ಲಲಿಲ್ಲ. ಇನ್ನೊಂದು ತಾಸು ತಡವಾಗಿದ್ದರೆ...

"ನಿಮ್ಮ ಗ್ವಾಡೀನ ತೋರ್ಸಿದ್ರಿ ಸರ್. ನಮ್ಮ ಸಾಹೇಬ್ರ ಬರ್ದದ್ದು ಅಂತ ಹೇಳಾಕ ಬಾಯಿ ಬರ್ಲಿಲ್ಲ."

ಸ್ಟೂಲು ಎಳೆದುಕೊಂಡು ಕೂತೆ. ಅವಳೇ ಕೇಳಿದಳು: "ಕಲ್ಮಲದವ್ರ ಪತ್ರಿಕಿ ಮಡಚಿದ್ರೇನ್ರಿ? ಸೋಮವಾರಕ್ಕ ಬೇಕಂದಿದ್ರು."

ಹೊರಗೆ ಸುಜಾತಾ ನಿಂತಿದ್ದಳು. "ಇದಕ್ಕ ಕಾಯ್ದೆ ಒಪ್ತದ ಸರ್. ಡಾಕ್ಟ್ರು ಒಪ್ಪಿ, ಆಕಿ ಸಹಿ ಮಾಡಿದ್ರ ಆತು. ಗಂಡನ ಸಹಿನೂ ಬ್ಯಾಡ. ಗುನ್ಹೆ ಇರೋದು ಗಂಡೋ ಹೆಣ್ಣೋ ಅಂತ ನೋಡ್ಸೋದು. ನೀವು ಎರಡೂ ಕಲಸಿಬಿಟ್ರಿ."

"ಪ್ರಾಸಕ್ಕಂತ..." ಅಂದೆ.

ನನ್ನ ಮುಖವನ್ನೇ ನೋಡಿದಳು.

ಆಗಸ್ಟ್ 10

ಶ್ರೀಲಕ್ಷ್ಮೀಗೆ ಎಲ್ಲ ಹೇಳಿದೆ. ಹುಣಸೆಹಣ್ಣು ಕಿವುಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಎರಡು ಸಾವಿರದ ಹನ್ನೊಂದರಾಗ ನಾವೂ ಹೋಗಿದ್ವಿ. ಹೊರಗ ಬೆಂಚಿನ ಮ್ಯಾಲ ನೀವ ಕೂತಿದ್ರಿ. ಈಗ ಬ್ಯಾಡ ಅಂತ ಮೊದಲ ಅಂದವ್ರೂ ನೀವ."

ಹುಣಸೆ ನೀರು ಸೋಸಿದಳು.

"ನನಗ ಯಾವ ಶಾಪನೂ ತಟ್ಟಿಲ್ಲ. ಅವತ್ತ ಆ ಸಾಲು ಓದಿದ್ರಲ್ಲ, ಓದೂ ಮುಂದ ನಿಮಗ ಅದು ನೆನಪೂ ಆಗ್ಲಿಲ್ಲ ನೋಡ್ರಿ. ಅದು ಮನಸಿಗೆ ಹತ್ತಿತು."

ನಿಜ. ಬರೆಯುವಾಗ ಒಂದು ಕ್ಷಣವೂ ನೆನಪಾಗಲಿಲ್ಲ. ಕತ್ತೆ ನೆನಪಾಗಿತ್ತು.

ಆಗಸ್ಟ್ 14

ಗೋಡೆ ಅಳಿಸಬೇಕೆಂದು ಸುಜಾತಾ ಅರ್ಜಿ ಹಾಕುತ್ತಿದ್ದಾಳೆ. ಸಂಸ್ಥೆ ಕೊಟ್ಟ ಸಾಲು ಬೇರೆ, ಬದಲಿಸಿದ್ದು ನಾನು ಎಂಬ ಹೇಳಿಕೆ ಬೇಕಂತೆ. ಗಡಿಗೆಪ್ಪನಿಗೆ ಅದು ಹೇಗೋ ಗೊತ್ತಾಗಿದೆ. ಮೆರವಣಿಗೆ ನಾಳಿದ್ದು.

"ಸಂಸ್ಥೆದವ್ರ ಕೊಟ್ಟಾರ ಅಂದು ಕೈ ತೊಳ್ಕೋರಿ ಆಚಾರ್ರೇ. ಇಲ್ಲಂದ್ರ ನಮ್ಮ ಬ್ಯಾನರು ಬ್ಯಾರೆ ಅಂಗಡಿ ನೋಡ್ಕೋತಾವ."

ಸಂಸ್ಥೆಯವರು ತಮ್ಮ ಸಾಲು ಬರೆದುಕೊಟ್ಟ ಆರ್ಡರ್ ಚೀಟಿ ನನ್ನ ಡ್ರಾಯರಿನಲ್ಲಿದೆ. ಒಂದೇ ಪ್ರತಿ. ಹರಿದರೆ ಯಾರಿಗೂ ತಿಳಿಯದು. ಡ್ರಾಯರ್ ಎರಡು ಸಲ ತೆಗೆದೆ. ಎರಡು ಸಲ ತೆಗೆದೆ ಅನ್ನುವುದನ್ನೂ ಇಲ್ಲಿ ಬರೆದಿಡಬೇಕು.

ಆಗಸ್ಟ್ 15, ಮಧ್ಯಾಹ್ನ 3

ಅಂಗಡಿ ರಜೆ. ಹೇಳಿಕೆ ಬರೆಯಲು ಕೂತೆ. ಪ್ರಾಸವಿಲ್ಲದ ವಾಕ್ಯ ಕೈಗೆ ಬರುವುದಿಲ್ಲ. ನಾಲ್ಕು ಹಾಳೆ ಕೆಟ್ಟವು. ಐದನೆಯದನ್ನು ಶ್ರೀಲಕ್ಷ್ಮೀ ಓದಿದಳು.

"ಇದರಾಗ ನಾನೆಲ್ಲಿದ್ದೀನಿ?"

"ನಿನ್ನ ಹೆಸರ್ಯಾಕ... ನಾಳೆ ಮಠದಾಗ ಮಂದಿ—"

"ಯಾರಿಗೆ ನಾಚಿಕಿ? ನನಗಂತೂ ಇಲ್ಲ. ಬರೀರಿ."

ಒಳಗೆ ಹೋದಳು. ಪಾತ್ರೆಯ ಸದ್ದಿಲ್ಲ. ಕಾಯುತ್ತಿದ್ದಾಳೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಆ ಸಾಲನ್ನು ಬದಲಿಸಿದವನು ನಾನು, ವೇದವ್ಯಾಸ. ಬೇರೆ ಯಾರೂ ಅಲ್ಲ. ಸಂಸ್ಥೆ ಕೊಟ್ಟ ಚೀಟಿಯನ್ನು ಇದಕ್ಕೆ ಲಗತ್ತಿಸಿದ್ದೇನೆ. ಆ ಸಾಲು ಸುಳ್ಳೆಂದು ಬೇರೆಯವರಿಗಿಂತ ಚೆನ್ನಾಗಿ ನನಗೆ ಗೊತ್ತಿರಬೇಕಿತ್ತು. ಯಾಕೆಂದರೆ 2011ರಲ್ಲಿ ನನ್ನ ಹೆಂಡತಿ ಶ್ರೀಲಕ್ಷ್ಮೀ ಮತ್ತು ನಾನು —