ಮೇಷ್ಟ್ರುಗಳ ಮೇಷ್ಟ್ರಿಗೆ

ಮುಳಬಾಗಿಲು
೯-೧೨-೧೯೭೯

ಚಿ॥ ಸೌ॥ ಶ್ಯಾಮಲಳಿಗೆ,

ಆಶೀರ್ವಾದ ಎಂದು ಬರೆಯಹೊರಟು ನಿಲ್ಲಿಸಿದೆ. ಮೈಸೂರಿನ ಯೂನಿವರ್ಸಿಟಿಯಲ್ಲಿ ಶಿಕ್ಷಣಶಾಸ್ತ್ರ ಪಾಠ ಮಾಡುವವಳಿಗೆ ಈ ಪ್ರೈಮರಿ ಶಾಲೆ ಮೇಷ್ಟ್ರು ಗಂಡನ ಆಶೀರ್ವಾದ ಯಾತಕ್ಕೆ? ಪ್ರೀತಿ ಇದೆ, ತೆಗೆದುಕೋ. ಉತ್ತರ ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಇನ್ಸ್‌ಪೆಕ್ಟರು ಬರುತ್ತಾರೆಂದು ಶಾಲೆಗೆ ಸುಣ್ಣ ಹೊಡೆಸುತ್ತಿದ್ದೆ. ಪುಣ್ಯಾತ್ಮರು ಬರಲೇ ಇಲ್ಲ.

ಪದ್ಮಿಯನ್ನು ಬಿಟ್ಟಿರಲಾರೆ, ಕೆಲಸಕ್ಕೆ ರಾಜೀನಾಮೆ ಕೊಟ್ಟು, ಪಿಎಚ್.ಡಿ.ಯನ್ನೂ ಬಿಟ್ಟು ಸಂಕ್ರಾಂತಿಗೆ ಬಂದುಬಿಡುತ್ತೇನೆ ಎಂದು ಬರೆದಿದ್ದೀಯ. ಓದಿ ಮೈಯೆಲ್ಲ ಉರಿಯಿತು. ತಲೆಗಿಲೆ ಕೆಟ್ಟಿದೆಯಾ ನಿನಗೆ? ನಮ್ಮ ಮಗಳು ಚೆನ್ನಾಗಿದ್ದಾಳೆ. ಉಣ್ಣುತ್ತಾಳೆ, ಆಡುತ್ತಾಳೆ.

ನಮ್ಮ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಒಂದನೇ ಕ್ಲಾಸಿನ ಮಕ್ಕಳು ಪಿಳಿಪಿಳಿ ಕಣ್ಣು ಬಿಡುತ್ತಾ ಕೂತಿದ್ದರೆ ದಡ್ಡರೆಂದು ಹಿಂದಿನ ಸಾಲಿಗೆ ತಳ್ಳುತ್ತಿದ್ದೆವು. 'ಬಾಯಿ ಬಿಡದ ಮಗು ದಡ್ಡ ಮಗುವಲ್ಲ, ತನ್ನವರಿಗಾಗಿ ಕಾಯುತ್ತಿರುವ ಮಗು' ಎಂದು ನೀನು ಪಿಎಚ್.ಡಿ. ಪ್ರಬಂಧಕ್ಕೆ ಬರೆದ ಅಧ್ಯಾಯವನ್ನು ಹೆಡ್‌ಮಾಸ್ಟರ್ ನರಸಿಂಹಪ್ಪನವರು ನನ್ನ ಕೈಲಿ ಮತ್ತೆ ಮತ್ತೆ ಓದಿಸಿದರು. ಮಾರನೆಯ ದಿನ ಹಿಂದಿನ ಸಾಲಿನಲ್ಲಿದ್ದ, ಕದಿರಪ್ಪನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಏಮ್ ತಿನ್ನಾವುರಾ?" ಎಂದು ತೆಲುಗಿನಲ್ಲೇ ಕೇಳಿದರು. ಅವನು ತಿಂದ ಮುದ್ದೆಯಿಂದ ಶುರುಮಾಡಿ ಮನೆಯ ಹಸು ಕರು ಹಾಕಿದ್ದರವರೆಗೂ ಹೇಳಿದ ನೋಡು! ಇದನ್ನೆಲ್ಲ ಬಿಟ್ಟು ಬಂದು ಇಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತೀಯಾ? ಅದನ್ನು ನಾನೇ ಕಲಿತಿದ್ದೇನೆ.

ಇನ್ನು ನಿನ್ನ ಅತ್ತೆ, ನಮ್ಮಮ್ಮ. ನೀನು ಹೊರಟಾಗ ಮುಖ ಊದಿಸಿಕೊಂಡಿದ್ದಳಲ್ಲ? ಮೊನ್ನೆ ಪಕ್ಕದ ಮನೆ ಅಶ್ವತ್ಥಮ್ಮ ನಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ, "ಗಂಡನ್ನ ಬಿಟ್ಟು ಹೋಗ್ಯವ್ಳಲ್ಲ, ಇನ್ನೂ ಎಷ್ಟ್ ಓದ್ಬೇಕಂತೆ ಅವ್ಳಿಗೆ?" ಎಂದಳು. ಅಮ್ಮ ಮೊರ ಪಕ್ಕಕ್ಕಿಟ್ಟು, "ನಮ್ ಶ್ಯಾಮಲ ಮೇಷ್ಟ್ರುಗಳಿಗೇ ಮೇಷ್ಟ್ರು ಕಣಮ್ಮ. ನಾಳೆ ಪ್ರೊಫೆಸರ್ ಆಗ್ತಾಳೆ. ನೀನ್ ಕಾಯಿ ಸುಲಿ" ಎಂದಳು. ನಾನು ಒಳಗೆ ಹೋಗಿ ನಕ್ಕೆ. ಸ್ವಲ್ಪ ಕಣ್ಣೀರೂ ಬಂತು.

ರಾಜೀನಾಮೆ ಬರೆದಿಟ್ಟಿದ್ದರೆ ಹರಿದುಹಾಕು. ಹಿತಕಿದ ಅವರೆಬೇಳೆ ಹುರಿದು ಕಳಿಸಿದ್ದೇನೆ, ಹಾಸ್ಟೆಲಿನವರಿಗೆಲ್ಲ ಹಂಚಿಬಿಡಬೇಡ, ನೀನೂ ತಿನ್ನು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನೋಡು, ಕೊನೆಗೂ ಆಶೀರ್ವಾದ ಮಾಡಿಯೇಬಿಟ್ಟೆ.

ನಿನ್ನ
ವೆಂಕಟರಾಯಪ್ಪ

ತಾ.ಕ.: ತಡವಾದದ್ದು ಸುಣ್ಣದಿಂದಲ್ಲ. ಇದನ್ನು ಹೇಗೆ ಬರೆಯಲಿ ಎಂದು ತಿಳಿಯಲಿಲ್ಲ. ದೀಪಾವಳಿಗೆ ನೀನು ಬಂದು ಹೋದ ಮೇಲೆ ಪದ್ಮಿ ಕ್ಲಾಸಿನಲ್ಲಿ ಬಾಯಿ ಬಿಟ್ಟಿಲ್ಲ. ಹಾಜರಿ ಕೂಗಿದರೂ ಇಲ್ಲ. ಕೂಗುವವನು ನಾನೇ. ಅವಳ ಅಜ್ಜಿ ತೆಲುಗಿನಲ್ಲಿ ಕೇಳಿದ್ದಕ್ಕೆ, "ಅಮ್ಮ ವಸ್ತೇ ಚೆಪ್ತಾ" ಎಂದಳಂತೆ. ನೀನು ಬಂದರೆ ಹೇಳುತ್ತಾಳಂತೆ. ಸಂಕ್ರಾಂತಿಗೆ ಬಾ, ಉಳಿಯುವುದಕ್ಕಲ್ಲ. ಅವಳನ್ನು ಕರೆದುಕೊಂಡು ಹೋಗು. ಒಂದು ಸಣ್ಣ ಮನೆ ನೋಡಿಡು, ನಮ್ಮಮ್ಮನೂ ಬರುತ್ತಾಳಂತೆ. ಈಗಲೇ ಟ್ರಂಕು ಒರೆಸಿಟ್ಟಿದ್ದಾಳೆ. ಪದ್ಮಿ ಮಲಗಿದರೆ ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿಯೇ ಮಲಗುತ್ತಾಳೆ. ಅಲ್ಲಿ ನಿನ್ನ ಮೇಲೆ ಹಾಕಿದರೆ ಸರಿಸಬೇಡ. ನಾನಿಲ್ಲಿ ಹೇಗೋ ಇರುತ್ತೇನೆ, ಶ್ಯಾಮಲ. ಇರಲಾರೆ, ಆದರೂ ಇರುತ್ತೇನೆ.