ಅತ್ತರಿನ ಜಾಹೀರಾತು ನುಂಗಿದ ಕರೆ

ಮಾಧ್ಯಮ ಸಂಸ್ಥೆಗಳ ಮುಕ್ತ ವಲಯದ ಪರವಾನಗಿ ನಿರ್ದೇಶಕರಿಗೆ

ಮಾನ್ಯರೇ,

ನನ್ನ ಬೆಳಗಿನ ರೇಡಿಯೋ ಕಾರ್ಯಕ್ರಮವನ್ನು ತಾವು ನಿಲ್ಲಿಸಿದಿರಿ. ನಿಲ್ಲಿಸಿಲ್ಲ ಎಂದು ತಾವು ಹೇಳುತ್ತೀರಿ. ಕಾರ್ಯಕ್ರಮವಂತೂ ನಿಂತಿದೆ. ಕೆಲಸ ಹೋಯಿತು, ಅದರ ಬೆನ್ನಿಗೇ ವೀಸಾ ಹೋಯಿತು. ಈಗ ಅಮ್ಮಾನಿನಲ್ಲಿ ಅಕ್ಕನ ಮನೆಯ ಅಡುಗೆಕೋಣೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಕೊಲ್ಲಿಯ ದಂಡೆಯಲ್ಲಿ ತಾವು ಕಟ್ಟಿದ ವಲಯವನ್ನು ನಾನು ದೂರುವುದಿಲ್ಲ. ಹುಲ್ಲುಹಾಸು, ಕೃತಕ ಕೆರೆ, ಸೊನ್ನೆ ತೆರಿಗೆ. ‘ಇಲ್ಲಿ ಸೆನ್ಸಾರ್ ಇಲ್ಲ’ ಎಂದು ತಮ್ಮ ಕೈಪಿಡಿಯ ಮೊದಲ ಪುಟವೇ ಸಾರುತ್ತದೆ. ಅದು ನಿಜ. ಸೆನ್ಸಾರ್ ಅಧಿಕಾರಿ ಎಂಬ ಫಲಕವಿರುವ ಒಂದು ಬಾಗಿಲನ್ನೂ ನಾನಲ್ಲಿ ನೋಡಲಿಲ್ಲ. ಇದ್ದದ್ದು ಪರವಾನಗಿ ನವೀಕರಣದ ಬಾಗಿಲು ಮಾತ್ರ. ವರ್ಷಕ್ಕೊಮ್ಮೆ ತೆರೆಯುವ ಬಾಗಿಲಿಗೆ ವರ್ಷವಿಡೀ ಹೆದರುವುದನ್ನು ನಾವೇ ಕಲಿತುಕೊಂಡೆವು. ಇದರಲ್ಲಿ ತಮ್ಮ ತಪ್ಪೇನಿದೆ?

ನನ್ನ ಕಾರ್ಯಕ್ರಮಕ್ಕೆ ಕರೆ ಮಾಡುತ್ತಿದ್ದವರು ಹೆಚ್ಚಾಗಿ ಗೃಹಿಣಿಯರು. ಮುಲುಖಿಯಾ ಸೊಪ್ಪಿನ ಸಾರು ಲೋಳೆಯಾಗದಂತೆ ಏನು ಮಾಡಬೇಕು, ಸೊಸೆ ಮಾತಾಡುತ್ತಿಲ್ಲ, ಇಂಥವೇ. ಮಗನ ಹೆಸರು ಹಿಡಿದು ‘ಬಾಸಿಲನ ತಾಯಿ’ ಎಂದು ಹೇಳಿಕೊಂಡಾಕೆಯೂ ಅದೇ ಬಗೆಯವರು ಎಂದುಕೊಂಡೆ.

“ಅಡುಗೆ ಕೇಳೋಕಲ್ಲ ಮಗಳೇ. ನಮ್ಮನೆಯವರಿಗೆ ಇವತ್ತು ಡಯಾಲಿಸಿಸ್. ಲಿಫ್ಟ್ ಕೆಟ್ಟು ವಾರ ಆಯ್ತು. ನಾವಿರೋದು ಹನ್ನೊಂದನೇ ಮಹಡಿ. ಮೊನ್ನೆ ಹೇಗೋ ಇಳಿಸಿದ್ವಿ. ಇವತ್ತು ಕಾಲೇ ಏಳ್ತಿಲ್ಲ ಅವರಿಗೆ.”

“ಕಟ್ಟಡದೋರಿಗೆ ಹೇಳಿದ್ರಾ ಅಮ್ಮಾ?”

“ದಿನಾ ಹೇಳ್ತಿದೀನಿ. ಅವರೇನು ಬಡವರಾ? ಊರೆಲ್ಲ ಅವರದೇ ಕಟ್ಟಡ...” ಎಂದವರು ಮಾಲೀಕ ಸಂಸ್ಥೆಯ ಹೆಸರು ಹೇಳತೊಡಗಿದರು. ಹೆಸರು ಪೂರ್ತಿ ಹೊರಬೀಳುವ ಮೊದಲೇ ಅತ್ತರಿನ ಜಾಹೀರಾತು ಶುರುವಾಯಿತು. ಮುಗಿದು ಮತ್ತೆ ಶುರುವಾಯಿತು. ಮತ್ತೆ.

ಸ್ಟುಡಿಯೋದ ಗಾಜಿನಾಚೆ ನಮ್ಮ ಮ್ಯಾನೇಜರು ಜಾಹೀರಾತಿನ ಗುಂಡಿಯ ಬಳಿ ಬೆವರುತ್ತ ನಿಂತಿದ್ದರು.

“ಲಮೀಸ್, ನಾನಾಗಿ ಒತ್ತಿದ್ದಲ್ಲಮ್ಮ. ಅವರು ಒತ್ತು ಅಂದ್ರು.”

“ಅವರು ಅಂದ್ರೆ?”

“ಅವರು ಅಂದ್ರೆ ಅವರೇ. ನನಗೂ ಮಕ್ಕಳಿದಾರೆ, ಬಿಡು.”

ಬಿಡಲಾಗಲಿಲ್ಲ. ಆಕೆಯ ನಂಬರು ನಮ್ಮ ಬಳಿಯಿತ್ತು. ವಿಳಾಸ ಕೇಳಿಕೊಂಡು ನಾನೂ ಧ್ವನಿ ತಂತ್ರಜ್ಞ ಮುತಸಿಮನೂ ಹೊರಟೆವು. ಆತ ಸೂಡಾನಿನವನು, ಮೂರು ಮಾತಿಗೆ ಒಂದು ಮಾತಾಡುವವನು. ಆಕೆಯ ಗಂಡ ಮುನೀಫ್ ಊದಿದ ಪಾದಗಳನ್ನು ಚಾಚಿ ಕುಳಿತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರಿಟ್ಟರು.

“ರೇಡಿಯೋದಲ್ಲಿ ದನಿ ಕೇಳಿ ಗಟ್ಟಿಮುಟ್ಟಾದ ಹೆಂಗಸು ಅಂದ್ಕೊಂಡಿದ್ದೆ. ನಿನ್ನನ್ನೇ ಯಾರಾದ್ರೂ ಹೊರಬೇಕಲ್ಲೇ!”

ಊಟದ ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಬಟ್ಟೆ ಕಟ್ಟಿ ಎತ್ತಿದೆವು. ಎರಡು ಮಹಡಿ ಇಳಿಯುವಷ್ಟರಲ್ಲಿ ನನ್ನ ಕೈ ಸೋತು ಕುರ್ಚಿ ವಾಲಿತು. ಮುನೀಫ್ ಕಂಬಿ ಹಿಡಿದುಕೊಂಡರು, ಅವರ ಹೆಂಡತಿ ಕಿರುಚಿದರು. ಇಳಿಸಲೂ ಆಗದೆ ಹತ್ತಿಸಲೂ ಆಗದೆ ನಾವು ಮೆಟ್ಟಿಲ ಮೇಲೆ ನಿಂತಿದ್ದಾಗ ಒಂದು ಬಾಗಿಲು ತೆರೆಯಿತು. ಆಮೇಲೆ ಕೆಳಗಿನ ಮಹಡಿಯದೂ ಒಂದು.

“ಏನಾಯ್ತು? ಬೆಳಿಗ್ಗೆ ರೇಡಿಯೋದಲ್ಲಿ ಅತ್ತರಿನ ಜಾಹೀರಾತು ಮೂರು ಸಲ ಬಂತು. ಯಾರೋ ನಿಜ ಹೇಳಿರಬೇಕು ಅಂದ್ಕೊಂಡೆ. ಈಗ ಮೆಟ್ಟಿಲ ಮೇಲೆ ಕೂಗು ಕೇಳಿಸ್ತು,” ಎಂದ ಲುಂಗಿಯುಟ್ಟ ಗಂಡಸು ನನ್ನ ಕೈಯಿಂದ ಕುರ್ಚಿ ತೆಗೆದುಕೊಂಡ. ಹೆಸರೂ ಗೊತ್ತಿಲ್ಲದ ನೆರೆಹೊರೆಯವರು ಕೈ ಬದಲಿಸುತ್ತ ಅವರನ್ನು ಕೆಳಗಿಳಿಸಿದರು. ಆಸ್ಪತ್ರೆಯಲ್ಲಿ ನರ್ಸು ತಡವಾಯಿತೆಂದು ಗದರಿದಳು. ಮುನೀಫ್ ಬದುಕಿದ್ದಾರೆ.

ಮರುದಿನ ಲಿಫ್ಟ್ ದುರಸ್ತಿಯಾಯಿತು! ಪ್ರಸಾರವಾಗದ ದೂರಿಗೆ ಇಷ್ಟು ಚುರುಕಾಗಿ ಓಗೊಡುವ ಆಡಳಿತ ಜಗತ್ತಿನಲ್ಲಿ ಇನ್ನೆಲ್ಲಿದೆ? ಆ ಕರೆಯನ್ನು ಕೊನೆಯವರೆಗೆ ಕೇಳಿದವರು ತಾವೊಬ್ಬರೇ ಇರಬೇಕು. ಅದಕ್ಕೆ ನಾನು ಕೃತಜ್ಞಳು. ವ್ಯಂಗ್ಯವಲ್ಲ, ಮುನೀಫ್ ಆಮೇಲೆ ಲಿಫ್ಟಿನಲ್ಲೇ ಇಳಿದು ಆಸ್ಪತ್ರೆಗೆ ಹೋಗಿಬಂದರು.

ಆ ವಾರವೇ ತಾವು ನನ್ನನ್ನು ಕರೆಸಿ, ಏಲಕ್ಕಿ ಹಾಕಿದ ಕಾಫಿ, ಖರ್ಜೂರ ಕೊಟ್ಟು ಉಪಚರಿಸಿದಿರಿ. “ನಿಮ್ಮ ಮೇಲೆ ಯಾವ ನಿರ್ಬಂಧವೂ ಇಲ್ಲ ಸಹೋದರಿ,” ಎಂದಿರಿ. ಹಾಗಾದರೆ ನಾಳೆ ಕಾರ್ಯಕ್ರಮ ಮಾಡಲೇ ಎಂದೆ. “ಅದು ನಿಮ್ಮ ಸ್ಟೇಷನ್ನಿನ ಸ್ವಂತ ತೀರ್ಮಾನ,” ಎಂದಿರಿ. ಸ್ಟೇಷನ್ನಿನವರು ಅದು ವಲಯದ ತೀರ್ಮಾನ ಎಂದರು. ಹೀಗೆ ಯಾರೂ ತೀರ್ಮಾನಿಸದೆ ನಾನು ವಿಮಾನ ಹತ್ತಿದೆ. ಮುತಸಿಮನ ವೀಸಾ ಉಳಿದಿದೆ. ದಿನಕ್ಕೆ ಇಪ್ಪತ್ತು ಸಲ ಅತ್ತರಿನ ಜಾಹೀರಾತು ಹಾಕುವ ಕೆಲಸ ಈಗ ಅವನದೇ.

ಮಾನ್ಯರೇ, ನನಗೆ ಕೆಲಸ ಮರಳಿಸಿ ಎಂದು ಕೇಳುತ್ತಿಲ್ಲ. ಕ್ಷಮೆಯೂ ಬೇಡ. ಅದೇ ಬೆಳಗಿನ ಹೊತ್ತಿಗೆ, ಅದೇ ತರಂಗಾಂತರದಲ್ಲಿ ಒಂದೇ ಒಂದು ವಾಕ್ಯ ಪ್ರಸಾರವಾಗಲಿ: ‘ಅಂದು ಒಬ್ಬ ಹೆಂಗಸು ಮಾತಾಡುತ್ತಿದ್ದಾಗ ನಾವು ಕರೆಯನ್ನು ಕತ್ತರಿಸಿದೆವು.’ ‘ನಾವು’ ಯಾರೆಂದು ಹೇಳಬೇಕಾಗಿಲ್ಲ, ಕೇಳುವವರಿಗೆ ಗೊತ್ತು. ಓದಲು ಯಾರಿಗೂ ಧೈರ್ಯವಿಲ್ಲದಿದ್ದರೆ ಪ್ರವಾಸಿ ವೀಸಾ ಕೊಡಿ, ನಾನೇ ಬಂದು ಓದುತ್ತೇನೆ. ಬೇಕಿದ್ದರೆ ಆ ವಾಕ್ಯಕ್ಕೆ ತೆರಿಗೆಯನ್ನೂ ಕಟ್ಟುತ್ತೇನೆ.

ಇಂತಿ,
ಯಾರೂ ಹೊರಹಾಕದೆ ಹೊರಬಿದ್ದ
ಲಮೀಸ್ ತರಾವ್ನೆ
ಅಮ್ಮಾನ್